ಪೂರ್ವ ಲಂಡನ್ನಿನಲ್ಲಿ ಒಂದು ಸಂಜೆಯ ಪಾದಯಾತ್ರೆ

ಪಾದಯಾತ್ರೆ ಎಂಬ ಮಾತು ನಮ್ಮ ಮನೆತನಗಳಿಗೆ ಹೊಸದಲ್ಲ. ಉಳವಿಯ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಹೋಗುವವರ ಜೊತೆಗೆ ನಡೆದೇ ಹೋಗುವವರೂ ಉಂಟು. ಯುಗಾದಿಯ ಮುನ್ನ ಕಾಲಿಗೆ ಗೆಜ್ಜೆ ಕಟ್ಟಿ, ಹೆಗಲಿಗೆ ಕಂಬಿ ಏರಿಸಿ ಶ್ರೀಶೈಲದತ್ತ ಹೊರಡುವ ಭಕ್ತರನ್ನು ಉತ್ತರ ಕರ್ನಾಟಕದ ಹಾದಿಗಳಲ್ಲಿ ಇಂದಿಗೂ ಕಾಣಬಹುದು. ಕೂಡಲಸಂಗಮ, ಬಸವಕಲ್ಯಾಣ, ಎಡೆಯೂರು ಮೊದಲಾದ ಕ್ಷೇತ್ರಗಳಿಗೆ ನಾವು ಹೋಗುವುದು ಮಹಾತ್ಮರು ಬಾಳಿದ ನೆಲವನ್ನು ಮೆಟ್ಟಿ, ಅವರ ನೆನಪಿನಿಂದ ನಮ್ಮ ಬಾಳನ್ನು ತಿದ್ದಿಕೊಳ್ಳಬೇಕೆಂಬ ಹಂಬಲದಿಂದ. ಆದರೆ ಪಶ್ಚಿಮದ ಮಹಾನಗರಗಳಲ್ಲಿ ಇನ್ನೊಂದು ಬಗೆಯ ನಡಿಗೆ ಬಹಳ ಕಾಲದಿಂದ ರೂಢಿಯಲ್ಲಿದೆ. ಘೋರ ಕೊಲೆಗಳು ನಡೆದ ಸ್ಥಳಗಳಿಗೆ ಜನರನ್ನು ಗುಂಪುಗೂಡಿಸಿ ಕರೆದೊಯ್ದು, ಅಲ್ಲಲ್ಲಿ ನಿಲ್ಲಿಸಿ, ಕಥೆ ಹೇಳುವ ಪದ್ಧತಿ ಅದು. 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಜನರನ್ನು ಕೊಂದು ಶವಗಳನ್ನು ವೈದ್ಯಶಾಲೆಗೆ ಮಾರಿದ ಎಡಿನ್‌ಬರೋ ನಗರದಲ್ಲಿ ಇಂಥ ನಡಿಗೆಗಳಿವೆ. ಲಂಡನ್ನಿನ ಪೂರ್ವಭಾಗವಾದ ವೈಟ್‌ಚಾಪೆಲ್‌ನಲ್ಲಂತೂ ಪ್ರತಿ ಸಂಜೆ ಹತ್ತಾರು ಗುಂಪುಗಳು ಹೊರಡುತ್ತವೆ.

ಇಂಥ ವಿಷಯಕ್ಕೆ ನಮ್ಮ ಪತ್ರಿಕೆಯಲ್ಲಿ ಏನು ಎಡೆ ಎಂದು ಓದುಗ ಬಂಧುಗಳು ಕೇಳಬಹುದು. ಇಂದು ನಮ್ಮ ಸಮಾಜದ ಅನೇಕ ಮಕ್ಕಳು ಆ ನಗರದಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳು ಹೋದಾಗ ಗೋಪುರ, ಅರಮನೆ, ವಸ್ತುಸಂಗ್ರಹಾಲಯಗಳ ಜೊತೆಗೆ ಈ ನಡಿಗೆಯನ್ನೂ ತೋರಿಸುತ್ತಾರೆ. ಮಗಳ ಮನೆಗೆ ಹೋದಾಗ ನನಗೂ ಹಾಗೆಯೇ ಆಯಿತು. ಹದಿನಾರರ ಹರೆಯದ ಮೊಮ್ಮಗಳು ಎರಡು ಟಿಕೆಟ್ಟುಗಳನ್ನು ತೆಗೆಸಿದ್ದಳು. ಕೊಲೆಯ ಕಥೆ ಕೇಳಲು ಹಣ ಕೊಟ್ಟು ಹೋಗುವುದು ಉಚಿತವೇ ಎಂಬ ಪ್ರಶ್ನೆ ಮನಸ್ಸಿನಲ್ಲಿತ್ತು. ಆ ಪ್ರಶ್ನೆಗೆ ಉತ್ತರವನ್ನು ಬೀದಿಯಲ್ಲೇ ಹುಡುಕುವುದು ಲೇಸೆಂದು ಹೊರಟೆನು.

ಕಥೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. 1888ರ ಆಗಸ್ಟ್ 31ರಿಂದ ನವೆಂಬರ್ 9ರವರೆಗಿನ ಹತ್ತು ವಾರಗಳಲ್ಲಿ ವೈಟ್‌ಚಾಪೆಲ್ ಮತ್ತು ಅದರ ಸುತ್ತಮುತ್ತ ಐವರು ಬಡ ಹೆಂಗಸರು ರಾತ್ರಿಯ ವೇಳೆ ಕೊಲೆಯಾದರು. ಪೊಲೀಸರ ಕಡತದಲ್ಲಿ 1888ರಿಂದ 1891ರವರೆಗೆ ಒಟ್ಟು ಹನ್ನೊಂದು ಕೊಲೆಗಳು ಸೇರಿವೆಯಾದರೂ, ಈ ಐದು ಒಂದೇ ಕೈಯ ಕೃತ್ಯವೆಂದು ಬಹುಜನರ ಅಭಿಪ್ರಾಯ. ಕೊಲೆಗಾರನು ಸಿಕ್ಕಲೇ ಇಲ್ಲ. ಆ ಸೆಪ್ಟೆಂಬರಿನ ಕೊನೆಯಲ್ಲಿ ಸುದ್ದಿಸಂಸ್ಥೆಯೊಂದಕ್ಕೆ ಬಂದ ಕಾಗದದ ಕೆಳಗೆ ‘ಜಾಕ್ ದಿ ರಿಪ್ಪರ್’ ಎಂಬ ಅಂಕಿತವಿತ್ತು. ಅದು ಪತ್ರಕರ್ತನೊಬ್ಬನ ಕೈಚಳಕವಿರಬೇಕೆಂದು ಪೊಲೀಸ್ ಅಧಿಕಾರಿಗಳೇ ಮುಂದೆ ಸಂಶಯಪಟ್ಟರು. ಆದರೂ ಆ ಹೆಸರು ಜಗತ್ತಿನ ಬಾಯಲ್ಲಿ ನಿಂತುಹೋಯಿತು.

ಆಲ್ಡ್‌ಗೇಟ್ ಈಸ್ಟ್ ಎಂಬ ನೆಲದಡಿಯ ರೈಲು ನಿಲ್ದಾಣದ ಬಳಿ ಸಂಜೆ ಏಳಕ್ಕೆ ಇಪ್ಪತ್ತು ಮಂದಿ ಸೇರಿದ್ದೆವು. ಮಾರ್ಗದರ್ಶಿಯು ನಡುವಯಸ್ಸಿನವನು, ವಾಚಾಳಿ, ತನ್ನ ಕಸಬನ್ನು ಬಲ್ಲವನು. ಮೊದಲು ಗಂಥಾರ್ಪ್ ಬೀದಿ ಎಂಬ ಕಿರುಗಲ್ಲಿಯೊಳಗೆ ಕರೆದೊಯ್ದನು. ಕಮಾನಿನಡಿ ಬಗ್ಗಿ ಹೋಗುವಂತಿರುವ, ಕಲ್ಲು ಹಾಸಿದ ಓಣಿ ಅದು. ಆಗ ಅದಕ್ಕೆ ಜಾರ್ಜ್ ಯಾರ್ಡ್ ಎಂಬ ಹೆಸರಿತ್ತು. ಐದು ಕೊಲೆಗಳಿಗೆ ಮುಂಚೆ, 1888ರ ಆಗಸ್ಟ್ 7ರಂದು, ಮಾರ್ಥಾ ಟ್ಯಾಬ್ರಮ್ ಎಂಬಾಕೆ ಇಲ್ಲಿಯ ಮನೆಯೊಂದರ ಮೆಟ್ಟಿಲ ಮೇಲೆ 39 ಇರಿತಗಳಿಂದ ಸತ್ತು ಬಿದ್ದಿದ್ದಳು. ಮಾರ್ಗದರ್ಶಿ ಧ್ವನಿಯನ್ನು ತಗ್ಗಿಸಿ ಇರಿತಗಳ ಲೆಕ್ಕ ಹೇಳಿದಾಗ ಗುಂಪು ಮೈಯೆಲ್ಲ ಕಿವಿಯಾಯಿತು.

ಆ ಗಲ್ಲಿಯಿಂದ ಕೂಗಳತೆಯಲ್ಲಿ ಟಾಯ್ನ್‌ಬೀ ಹಾಲ್ ಇದೆ. ಸ್ಯಾಮ್ಯುಯೆಲ್ ಬಾರ್ನೆಟ್ ಎಂಬ ಪಾದ್ರಿಯೂ ಆತನ ಪತ್ನಿ ಹೆನ್ರಿಯೆಟ್ಟಾ ಅವರೂ 1884ರಲ್ಲಿ ಕಟ್ಟಿದ ಸಂಸ್ಥೆ. ವಿದ್ಯಾವಂತ ಯುವಕರು ಬಡವರ ನಡುವೆಯೇ ಬಂದು ವಾಸಿಸಿ, ಕಲಿಸಿ, ಕಲಿಯಬೇಕೆಂಬುದು ಅದರ ಗುರಿ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಆಟ್ಲಿ, 1942ರ ವರದಿಯಿಂದ ಆ ದೇಶದ ಸಾಮಾಜಿಕ ಭದ್ರತೆಗೆ ಅಡಿಗಲ್ಲಿಟ್ಟ ಬೆವರಿಜ್ ಇಬ್ಬರೂ ತರುಣರಾಗಿದ್ದಾಗ ಇಲ್ಲಿ ಸೇವೆ ಮಾಡಿದವರು. ಕೊಲೆಗಳು ನಡೆಯುತ್ತಿದ್ದಾಗಲೇ ಬಾರ್ನೆಟ್ ಅವರು ‘ಟೈಮ್ಸ್’ ಪತ್ರಿಕೆಗೆ ಬರೆದು ನಾಲ್ಕು ಸುಧಾರಣೆಗಳನ್ನು ಕೇಳಿದರು: ದಕ್ಷ ಪೊಲೀಸ್ ವ್ಯವಸ್ಥೆ, ಬೀದಿಗಳಿಗೆ ಬೆಳಕು ಮತ್ತು ನೈರ್ಮಲ್ಯ, ಜನವಸತಿಯ ನಡುವಿನ ಕಸಾಯಿಖಾನೆಗಳ ತೆರವು, ಬಾಡಿಗೆ ಮನೆಗಳಿಗೆ ಜವಾಬ್ದಾರಿಯುತ ಒಡೆಯರು. ಕೊಲೆಗಾರನ ಬೆನ್ನು ಹತ್ತಿದವರ ನಡುವೆ ಕೊಲೆಗೆ ಎಡೆ ಮಾಡಿಕೊಟ್ಟ ಕತ್ತಲೆಯ ಬೆನ್ನು ಹತ್ತಿದವರು ಇವರು.

ಆ ಕತ್ತಲೆ ಎಂಥದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1888ರ ಅಕ್ಟೋಬರಿನಲ್ಲಿ ಪೊಲೀಸರು ಕೊಟ್ಟ ವರದಿಯಂತೆ ವೈಟ್‌ಚಾಪೆಲ್ ವಿಭಾಗವೊಂದರಲ್ಲೇ 233 ಸಾಮಾನ್ಯ ವಸತಿಗೃಹಗಳಿದ್ದು, ಅವುಗಳಲ್ಲಿ ಸುಮಾರು 8,500 ಜನ ರಾತ್ರಿ ಕಳೆಯುತ್ತಿದ್ದರು. ಒಂದು ರಾತ್ರಿಯ ಹಾಸಿಗೆಗೆ ನಾಲ್ಕು ಪೆನ್ನಿ. ಆ ನಾಲ್ಕು ಪೆನ್ನಿ ಇಲ್ಲದವರಿಗೆ ಬೀದಿಯೇ ಗತಿ. ಇಲ್ಲವೇ ವರ್ಕ್‌ಹೌಸ್ ಎಂಬ ಸರ್ಕಾರಿ ಬಡವರ ಮನೆ. ಅಲ್ಲಿ ಒಂದು ರಾತ್ರಿಯ ಆಸರೆಗೆ ಪ್ರತಿಯಾಗಿ ಮರುದಿನ ಗಂಡಸರು ಕಲ್ಲು ಒಡೆಯಬೇಕು. ಹೆಂಗಸರು ಟಾರು ಮೆತ್ತಿ ಗಟ್ಟಿಯಾದ ಹಳೆಯ ಹಡಗಿನ ಹಗ್ಗವನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಬೇಕು. ಬಡತನವೆಂದರೆ ಸೋಮಾರಿತನದ ಫಲ, ಆಶ್ರಯವನ್ನು ಕಹಿಯಾಗಿಸಿದರೆ ಮಾತ್ರ ಬಡವರು ದುಡಿಯುತ್ತಾರೆ ಎಂಬುದು ಆ ಕಾಲದ ಕಾಯಿದೆಯ ತತ್ತ್ವ.

ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ನನಗೆ ಈ ಮಾತು ಎದೆಗೆ ನಾಟಿತು. ನಾವೂ ಕಸ ಗುಡಿಸಿದ್ದೇವೆ, ಕಟ್ಟಿಗೆ ಹೊತ್ತಿದ್ದೇವೆ, ಪಂಕ್ತಿಗೆ ಬಡಿಸಿದ್ದೇವೆ. ಆದರೆ ಆ ದುಡಿಮೆ ಅನ್ನದ ಬೆಲೆಯಾಗಿರಲಿಲ್ಲ. ಅನ್ನ ಮೊದಲು, ಪ್ರಶ್ನೆ ಆಮೇಲೆ ಎಂಬುದು ದಾಸೋಹದ ರೀತಿ. ಶರಣರ ಕಾಯಕವೂ ದುಡಿಮೆಯೇ, ವರ್ಕ್‌ಹೌಸಿನ ಹಗ್ಗ ಬಿಡಿಸುವಿಕೆಯೂ ದುಡಿಮೆಯೇ. ಒಂದು ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ, ಇನ್ನೊಂದು ಅವನನ್ನು ಕುಗ್ಗಿಸಲೆಂದೇ ಏರ್ಪಟ್ಟಿದೆ. ಈ ಅಂತರವನ್ನು ಪುಸ್ತಕದಲ್ಲಿ ಓದಿ ತಿಳಿದಿದ್ದೆನಾದರೂ ಅದರ ಆಳ ಕಂಡದ್ದು ಆ ಬೀದಿಗಳಲ್ಲಿ.

ಮುಂದೆ ಬ್ರಿಕ್ ಲೇನ್ ದಾಟಿದೆವು. ಇಲ್ಲೊಂದು ಕಟ್ಟಡದ ಚರಿತ್ರೆಯನ್ನು ಹೇಳದೆ ಮುಂದುವರಿಯಲಾಗದು. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟಂಟ್ ನೇಕಾರರು ಕಟ್ಟಿದ ಪ್ರಾರ್ಥನಾಲಯ. ಮುಂದೆ ಮೆಥಡಿಸ್ಟರ ಚರ್ಚಾಯಿತು. 1898ರಲ್ಲಿ ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ಮಂದಿರವಾಯಿತು. 1976ರಿಂದ ಬಾಂಗ್ಲಾ ಮುಸಲ್ಮಾನರ ಮಸೀದಿಯಾಗಿದೆ. ಗೋಡೆಯ ಮೇಲಿನ ಸೂರ್ಯಗಡಿಯಾರ ಇನ್ನೂ ಮೊದಲಿನವರು ಇಟ್ಟದ್ದೇ. ನೆಲೆ ಕಳೆದುಕೊಂಡು ಬಂದವರಿಗೆ ಒಂದರ ಹಿಂದೊಂದು ತಲೆಮಾರು ಆಸರೆ ಕೊಟ್ಟ ಪೇಟೆ ಇದು. ಮಾರ್ಗದರ್ಶಿ ಇಲ್ಲಿ ನಿಲ್ಲಲಿಲ್ಲ. ಇಲ್ಲಿ ಯಾರೂ ಕೊಲೆಯಾಗಿರಲಿಲ್ಲ.

ಹ್ಯಾನ್‌ಬರಿ ಬೀದಿಯ 29ನೆಯ ಮನೆಯ ಹಿತ್ತಿಲಲ್ಲಿ ಸೆಪ್ಟೆಂಬರ್ 8ರ ಬೆಳಗಿನ ಜಾವ ಆ್ಯನಿ ಚಾಪ್‌ಮನ್ ಸತ್ತು ಬಿದ್ದಿದ್ದಳು. ಆ ಒಂದು ಮನೆಯಲ್ಲಿ ಹದಿನೇಳು ಜನ ವಾಸಿಸುತ್ತಿದ್ದರು. ಮನೆ ಈಗಿಲ್ಲ, ಹಳೆಯ ಬ್ರೂಯರಿಗೆ ಸೇರಿದ ಕಟ್ಟಡ ಆ ಜಾಗವನ್ನು ನುಂಗಿದೆ. ಮಾರ್ಗದರ್ಶಿ ಗಾಯಗಳ ವಿವರ ಮುಗಿಸಿ, ಕೊಲೆಗಾರ ವೈದ್ಯನೋ ಕಟುಕನೋ ರಾಜಮನೆತನದವನೋ ಎಂದು ಗುಂಪನ್ನೇ ಕೇಳತೊಡಗಿದನು. ಒಬ್ಬೊಬ್ಬರು ಒಂದೊಂದು ಹೆಸರು ಕೂಗಿದರು. ಆಗ ಮೊಮ್ಮಗಳು ನನ್ನ ಕಡೆ ವಾಲಿ, ಮನೆಯಲ್ಲಿ ಕಲಿತ ಧಾರವಾಡದ ಮಾತಿನಲ್ಲಿ ಹೇಳಿದಳು: “ಅಜ್ಜಾ, ಕೊಂದಾಂವ ಯಾರಂತ ಯಾರಿಗೂ ಗೊತ್ತಿಲ್ಲ, ಆದ್ರ ಅವಂಗ ದೊಡ್ಡ ಹೆಸರು ಐತಿ. ಸತ್ತಾಕೀಗೆ ಹೆಸರಿದ್ರೂ ಯಾರೂ ಕೇಳವಲ್ರು.”

“ನೀನs ಕೇಳವ್ವ,” ಎಂದೆನು.

ಆಕೆ ಕೈ ಎತ್ತಿ, ಆ್ಯನಿ ಚಾಪ್‌ಮನ್ ಹೊಟ್ಟೆಗೆ ಏನು ಮಾಡುತ್ತಿದ್ದಳು ಎಂದು ಕೇಳಿದಳು. ಮಾರ್ಗದರ್ಶಿ ಒಂದು ಕ್ಷಣ ತಡೆದು, ಆಮೇಲೆ ಬಲು ಸೌಜನ್ಯದಿಂದ ಉತ್ತರಿಸಿದನು. ಆಕೆ ಸಾರೋಟು ಹೊಡೆಯುವವನೊಬ್ಬನ ಹೆಂಡತಿಯಾಗಿದ್ದವಳು. ಸಂಸಾರ ಮುರಿದ ಮೇಲೆ ಗಂಡ ವಾರಕ್ಕೆ ಹತ್ತು ಶಿಲಿಂಗ್ ಕಳಿಸುತ್ತಿದ್ದ. 1886ರ ಕ್ರಿಸ್‌ಮಸ್ ದಿನ ಅವನು ತೀರಿಕೊಂಡಾಗ ಆ ಆಧಾರವೂ ಕಡಿಯಿತು. ಕ್ರೋಶಾ ಹೆಣಿಗೆ ಹಾಕಿ, ಹೂ ಮಾರಿ ಹೊಟ್ಟೆ ಹೊರೆದಳು. ಶ್ವಾಸಕೋಶದ ಬೇನೆ ಹಿಡಿದಿತ್ತು. ಕೊನೆಯ ರಾತ್ರಿ ಹಾಸಿಗೆಗೆ ಕೊಡಲು ಕಾಸಿಲ್ಲದೆ ವಸತಿಗೃಹದಿಂದ ಹೊರಬಿದ್ದವಳು ಮರಳಲಿಲ್ಲ. ಈ ಮಾತುಗಳನ್ನು ಹೇಳುವಾಗ ಆತನ ನಾಟಕದ ಧ್ವನಿ ಹೋಗಿ ಮನುಷ್ಯನ ಧ್ವನಿ ಬಂದಿತ್ತು. ಅಲ್ಲಿಂದ ಮುಂದೆ ಪ್ರತಿ ನಿಲುಗಡೆಯಲ್ಲೂ ಆತ ಮೊದಲು ಸತ್ತವಳ ಬದುಕನ್ನು ಹೇಳಿ, ಆಮೇಲೆ ಸಾವನ್ನು ಹೇಳಿದನು. ಒಂದು ಮಗುವಿನ ಪ್ರಶ್ನೆ ಇಪ್ಪತ್ತು ಜನರ ಸಂಜೆಯನ್ನು ತಿದ್ದಿತು.

ಹಾಕ್ಸ್‌ಮೂರ್ ಎಂಬ ಶಿಲ್ಪಿ ಕಟ್ಟಿದ, 1729ರಲ್ಲಿ ಮುಗಿದ ಕ್ರೈಸ್ಟ್ ಚರ್ಚಿನ ಬಿಳಿಯ ಗೋಪುರ ಸ್ಪಿಟಲ್‌ಫೀಲ್ಡ್ಸ್ ಪೇಟೆಯ ನೆತ್ತಿಯ ಮೇಲೆ ನಿಂತಿದೆ. ಅದರ ಮಗ್ಗುಲಲ್ಲಿ ‘ಟೆನ್ ಬೆಲ್ಸ್’ ಎಂಬ ಹಳೆಯ ಮದ್ಯದಂಗಡಿ. 1976ರಲ್ಲಿ ಅದಕ್ಕೆ ಕೊಲೆಗಾರನ ಹೆಸರನ್ನೇ ಇಟ್ಟಿದ್ದರು. ಹೆಂಗಸರನ್ನು ಕೊಂದವನ ಹೆಸರು ಅಂಗಡಿಯ ಹಣೆಯ ಮೇಲೆ ಬೇಡವೆಂಬ ಆಕ್ಷೇಪಣೆ ಎದ್ದು, 1988ರಲ್ಲಿ ಹಳೆಯ ಹೆಸರು ಮರಳಿತು. ಬೀದಿಯ ಆಚೆಗೆ ಇದ್ದ ಡಾರ್ಸೆಟ್ ಬೀದಿಯ ಕೊಠಡಿಯೊಂದರಲ್ಲಿ ನವೆಂಬರ್ 9ರಂದು ಮೇರಿ ಜೇನ್ ಕೆಲಿ ಎಂಬ ಇಪ್ಪತ್ತೈದರ ಆಸುಪಾಸಿನ ತರುಣಿ ಸತ್ತಳು. 29 ಶಿಲಿಂಗ್ ಬಾಡಿಗೆ ಬಾಕಿಯಿತ್ತು. ಶವವನ್ನು ಮೊದಲು ಕಂಡವನು ಆ ಬಾಕಿ ವಸೂಲಿಗೆ ಬಂದವನು. ಇಂದು ಅಲ್ಲಿ ಬೀದಿಯೂ ಇಲ್ಲ. ಗಾಜಿನ ದೊಡ್ಡ ಕಚೇರಿಗಳಿವೆ.

ಕೊನೆಗೆ ತಲುಪಿದ್ದು ಮೈಟರ್ ಸ್ಕ್ವೇರ್. ಸೆಪ್ಟೆಂಬರ್ 30ರ ಒಂದೇ ರಾತ್ರಿ ಇಬ್ಬರು ಸತ್ತರು. ಬರ್ನರ್ ಬೀದಿಯಲ್ಲಿ ಎಲಿಜಬೆತ್ ಸ್ಟ್ರೈಡ್. ಸ್ವೀಡನ್ನಿನಿಂದ 1866ರಲ್ಲಿ ಬಂದು, ಗಂಡನೊಡನೆ ಕಾಫಿ ಅಂಗಡಿ ನಡೆಸಿದವಳು, ಆ ದಿನ ಕೊಠಡಿಗಳನ್ನು ಗುಡಿಸಿ ಸಾರಿಸಿ ಆರು ಪೆನ್ನಿ ಸಂಪಾದಿಸಿದವಳು. ಒಂದು ಗಂಟೆಯೊಳಗಾಗಿ ಮೈಟರ್ ಸ್ಕ್ವೇರಿನಲ್ಲಿ ಕ್ಯಾಥರೀನ್ ಎಡ್ಡೋಸ್. ಕೆಂಟ್ ಪ್ರಾಂತದಲ್ಲಿ ಹಾಪ್ ಬಳ್ಳಿಯ ಹೂ ಬಿಡಿಸುವ ಕೂಲಿಗೆ ಹೋಗಿ ಬರಿಗೈಯಲ್ಲಿ ಮರಳಿದವಳು. ಊಟಕ್ಕಾಗಿ ಅವಳ ಜೊತೆಗಾರನು ತನ್ನ ಬೂಟುಗಳನ್ನು ಒತ್ತೆ ಇಡಬೇಕಾಯಿತು. ಕುಡಿದು ಬಿದ್ದಿದ್ದಳೆಂದು ಪೊಲೀಸರು ಠಾಣೆಗೆ ಒಯ್ದು, ರಾತ್ರಿ ಒಂದು ಗಂಟೆಗೆ ಬಿಟ್ಟುಬಿಟ್ಟರು. ಮುಕ್ಕಾಲು ಗಂಟೆಯೊಳಗೆ ಹೆಣವಾಗಿದ್ದಳು. ಅದೇ ರಾತ್ರಿ ಗೌಲ್‌ಸ್ಟನ್ ಬೀದಿಯ ಗೋಡೆಯ ಮೇಲೆ ಯಹೂದಿಗಳನ್ನು ಹೆಸರಿಸುವ ಸೀಮೆಸುಣ್ಣದ ಬರಹವೊಂದು ಕಂಡಿತು. ಬೆಳಗಾದರೆ ವಲಸಿಗರ ಮೇಲೆ ದಂಗೆ ಎದ್ದೀತೆಂದು ಕಮಿಷನರ್ ವಾರನ್ ಅವರು ಅದನ್ನು ಅಳಿಸಿಸಿದರು. ಸಾಕ್ಷ್ಯ ನಾಶವಾಯಿತೆಂದು ಅವರನ್ನು ದೂರಿದವರು ಬಹಳ. ಆದರೆ ಕೊಲೆಯ ಸಿಟ್ಟು ನಿರಪರಾಧಿಗಳ ಮೇಲೆ ತಿರುಗುವುದು ಎಷ್ಟು ಸುಲಭವೆಂಬುದನ್ನು ಬಲ್ಲವರು ಆ ಭಯವನ್ನು ಅಲ್ಲಗಳೆಯಲಾರರು.

ಐವರಲ್ಲಿ ಮೊದಲನೆಯವಳು ಸತ್ತ ಸ್ಥಳ ನಡಿಗೆಯ ಹಾದಿಗೆ ದೂರ. ಮರುದಿನ ಬೆಳಗ್ಗೆ ನಾವಿಬ್ಬರೇ ವೈಟ್‌ಚಾಪೆಲ್ ರೈಲು ನಿಲ್ದಾಣದ ಹಿಂಬದಿಯ ಡರ್ವರ್ಡ್ ಬೀದಿಗೆ ಹೋದೆವು. ಆಗ ಅದರ ಹೆಸರು ಬಕ್ಸ್ ರೋ. ಮೇರಿ ಆ್ಯನ್ ನಿಕೊಲ್ಸ್, ಕಬ್ಬಿಣದ ಕೆಲಸದವನ ಮಗಳು, ಮುದ್ರಣಕಾರನ ಹೆಂಡತಿ, ಐದು ಮಕ್ಕಳ ತಾಯಿ, ಹಾಸಿಗೆಯ ನಾಲ್ಕು ಪೆನ್ನಿ ಇಲ್ಲದೆ ವಸತಿಗೃಹದಿಂದ ಹೊರಗೆ ಕಳಿಸಲ್ಪಟ್ಟು ಆಗಸ್ಟ್ 31ರ ನಸುಕಿನಲ್ಲಿ ಇಲ್ಲಿ ಸತ್ತಳು. ಅವಳ ಬಳಿ ಇದ್ದದ್ದು ಒಂದು ಬಾಚಣಿಗೆ, ಒಂದು ಬಿಳಿ ಕರವಸ್ತ್ರ, ಒಡೆದ ಕನ್ನಡಿಯ ಚೂರು. ಅವಳು ಯಾರೆಂಬುದೇ ತಿಳಿದಿರಲಿಲ್ಲ. ಒಳಲಂಗದ ಮೇಲಿದ್ದ ಲ್ಯಾಂಬೆತ್ ವರ್ಕ್‌ಹೌಸಿನ ಮುದ್ರೆಯಿಂದ ಗುರುತು ಹತ್ತಿತು.

ಅದೇ ದಾರಿಯಲ್ಲಿ ಮರಳುವಾಗ ಅಲ್ತಾಬ್ ಅಲಿ ಉದ್ಯಾನ ಸಿಗುತ್ತದೆ. ಬಟ್ಟೆ ಹೊಲಿಯುವ ಕೆಲಸಗಾರನಾದ ಈ ಬಾಂಗ್ಲಾ ತರುಣನನ್ನು 1978ರ ಮೇ 4ರಂದು, ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಾಗ, ಬಣ್ಣದ ದ್ವೇಷದಿಂದ ಇರಿದು ಕೊಂದರು. ಅವನ ಶವಪೆಟ್ಟಿಗೆಯ ಹಿಂದೆ ಸಾವಿರಾರು ಜನ ಪ್ರಧಾನಿಯ ನಿವಾಸದವರೆಗೆ ನಡೆದರು. 1998ರಲ್ಲಿ ಉದ್ಯಾನಕ್ಕೆ ಅವನ ಹೆಸರನ್ನಿಟ್ಟರು. ಇಲ್ಲಿ ಟಿಕೆಟ್ಟಿಲ್ಲ, ಕಥೆ ಹೇಳುವವರಿಲ್ಲ. ಕೊಂದವರ ಹೆಸರು ಯಾರ ಬಾಯಲ್ಲೂ ಇಲ್ಲ. ಸತ್ತವನ ಹೆಸರು ಫಲಕದ ಮೇಲಿದೆ. ನೆನಪಿಡುವ ರೀತಿ ಹೀಗೂ ಇದೆ ಎಂದು ಮೊಮ್ಮಗಳಿಗೆ ತೋರಿಸಿದೆನು.

ನಮ್ಮ ಪರಂಪರೆಯೂ ಈ ರೀತಿಯನ್ನೇ ಹಿಡಿದಿದೆ. ಕಲ್ಯಾಣದಲ್ಲಿ ಹರಳಯ್ಯ ಮಧುವರಸರನ್ನು ಎಳೆಹೂಟೆಗೆ ಕಟ್ಟಿ ಕೊಲ್ಲಿಸಿದ ಕಥೆಯನ್ನು ಹೇಳುವಾಗ ನಾವು ಅವರ ಗಾಯಗಳನ್ನು ಎಣಿಸುವುದಿಲ್ಲ. ಅವರ ಕಾಯಕವನ್ನು, ಅವರು ಕೂಡಿಸಿದ ಮದುವೆಯನ್ನು, ಅವರ ನಿಷ್ಠೆಯನ್ನು ಹೇಳುತ್ತೇವೆ. ಇನ್ನೂ ಒಂದು ಮಾತು. ಈ ಐವರನ್ನೂ ಸೂಳೆಯರೆಂದು ಪತ್ರಿಕೆಗಳು ಬರೆದವು. ಹಾಗಾದ್ದರಿಂದ ಅವರ ಸಾವಿಗೆ ಅಷ್ಟು ಮರುಗಬೇಕಿಲ್ಲವೆಂಬ ಧ್ವನಿ ಅದರಲ್ಲಿತ್ತು. ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಇತಿಹಾಸಜ್ಞೆ 2019ರಲ್ಲಿ ಪ್ರಕಟಿಸಿದ ‘ದಿ ಫೈವ್’ ಎಂಬ ಗ್ರಂಥದಲ್ಲಿ, ಇವರಲ್ಲಿ ಮೂವರು ಆ ವೃತ್ತಿಯಲ್ಲಿದ್ದರೆಂಬುದಕ್ಕೆ ಗಟ್ಟಿ ಆಧಾರವಿಲ್ಲವೆಂದು ವಾದಿಸಿದ್ದಾರೆ. ಆ ಶೋಧನೆ ಸ್ತುತ್ಯರ್ಹ. ಆದರೆ ಶರಣರ ದೃಷ್ಟಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಡಬೇಕು. ಉಳಿದಿಬ್ಬರು ಆ ವೃತ್ತಿಯಲ್ಲಿದ್ದರೇನು? ಸೂಳೆ ಸಂಕವ್ವನೆಂಬ ಶರಣೆಯ ವಚನ ನಮ್ಮ ಸಾಹಿತ್ಯದಲ್ಲಿ ಉಳಿದುಬಂದಿದೆ. ಆಕೆಯ ಅಂಕಿತ ನಿರ್ಲಜ್ಜೇಶ್ವರ. ಆಕೆಯ ವೃತ್ತಿಯನ್ನು ಶರಣರು ಮುಚ್ಚಿಡಲೂ ಇಲ್ಲ, ಅದಕ್ಕಾಗಿ ಆಕೆಯನ್ನು ಹೊರಗಿಡಲೂ ಇಲ್ಲ. ಲಜ್ಜೆಯನ್ನು ಹೊರಿಸಿದ ಲೋಕದ ಎದುರಿಗೆ ಆಕೆಯ ದೈವದ ಹೆಸರೇ ಉತ್ತರವಾಗಿ ನಿಂತಿದೆ.

ಲ್ಯಾಂಬೆತ್ ಎಂಬ ಹೆಸರನ್ನು ಓದುಗರು ಬೇರೆಡೆ ಕೇಳಿದ್ದಾರೆ. ಥೇಮ್ಸ್ ನದಿಯ ದಂಡೆಯಲ್ಲಿ, ಇಂಗ್ಲೆಂಡಿನ ಸಂಸತ್ತಿನ ಎದುರು ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಅಣ್ಣ ಬಸವಣ್ಣನವರ ಪ್ರತಿಮೆ ಇರುವುದು ಇದೇ ಲ್ಯಾಂಬೆತ್‌ನಲ್ಲಿ. ನಮ್ಮವರು ಲಂಡನ್ನಿಗೆ ಹೋದಾಗ ಅಲ್ಲಿ ಹೂಮಾಲೆ ಹಾಕಿ, ಭಾವಚಿತ್ರ ತೆಗೆಸಿಕೊಂಡು ಬರುತ್ತಾರೆ. ಅದು ಸಹಜ, ಸಂತೋಷದ ಸಂಗತಿ. ಆದರೆ ಮೇರಿ ಆ್ಯನ್ ನಿಕೊಲ್ಸ್ ಆಶ್ರಯಕ್ಕಾಗಿ ಮತ್ತೆ ಮತ್ತೆ ಬಾಗಿಲು ತಟ್ಟಿದ ಬಡವರ ಮನೆಯೂ ಅದೇ ಲ್ಯಾಂಬೆತ್‌ನದು ಎಂಬುದನ್ನು ನೆನೆದರೆ ಆ ಪ್ರತಿಮೆಯ ಎದುರು ನಿಲ್ಲುವ ರೀತಿಯೇ ಬೇರೆಯಾಗುತ್ತದೆ. ಕಾಯಕ ದಾಸೋಹಗಳನ್ನು ಬೋಧಿಸಿದ ಗುರುವು, ಅವೆರಡೂ ಸಿಗದೆ ಸತ್ತ ಹೆಣ್ಣುಮಗಳ ನೆಲದಲ್ಲಿ ನಿಂತಿದ್ದಾರೆ.

ಆದ್ದರಿಂದ ಆ ನಡಿಗೆಗೆ ಹೋಗಬಾರದೆಂದು ನಾನು ಹೇಳಲಾರೆ. ಭಯದ ರುಚಿಗಾಗಿ ಹೋಗುವುದು ಬೇಡ. ಚಿಕ್ಕ ಮಕ್ಕಳನ್ನು ಕರೆದೊಯ್ಯುವುದು ಸರ್ವಥಾ ಬೇಡ. ಬೆಳೆದ ಮಕ್ಕಳೊಡನೆ ಹೋಗುವವರು ಮೇರಿ ಆ್ಯನ್, ಆ್ಯನಿ, ಎಲಿಜಬೆತ್, ಕ್ಯಾಥರೀನ್, ಮೇರಿ ಜೇನ್ ಎಂಬ ಐದು ಹೆಸರುಗಳನ್ನು ಮೊದಲೇ ತಿಳಿದು ಹೋಗಲಿ. ಅವರು ಏನು ದುಡಿದರು, ಎಲ್ಲಿ ಮಲಗಿದರು ಎಂದು ಮಾರ್ಗದರ್ಶಿಯನ್ನು ಕೇಳಲಿ. ಊರಿನಲ್ಲೇ ಇರುವವರಿಗೂ ಇದರಲ್ಲಿ ಪಾಠವುಂಟು. ನಮ್ಮ ಬಸ್ ನಿಲ್ದಾಣಗಳಲ್ಲಿ, ಜಾತ್ರೆ ಮುಗಿದ ಬಯಲುಗಳಲ್ಲಿ, ನಮ್ಮ ಮಠಗಳ ಹೆಬ್ಬಾಗಿಲ ಹೊರಗೂ ರಾತ್ರಿ ತಂಗಲು ಎಡೆಯಿಲ್ಲದ ಹೆಣ್ಣುಮಕ್ಕಳು ಇಂದೂ ಇದ್ದಾರೆ. ಅವರ ಹೆಸರನ್ನು ಅವರು ಬದುಕಿರುವಾಗಲೇ ಕೇಳಿ, ಒಂದು ಹೊತ್ತಿನ ಪ್ರಸಾದವನ್ನೂ ಒಂದು ರಾತ್ರಿಯ ನೆಲೆಯನ್ನೂ ಕೊಡುವ ಏರ್ಪಾಡು ಪ್ರತಿ ಊರಿನ ಬಸವ ಬಳಗದಿಂದ ಆಗುವಂತಾಗಲಿ.